ಹದಿನಾಲ್ಕು ತುಂಬುವ ಮೊದಲೇ ಹಾಕಬೇಕಾದ ಅರ್ಜಿ

ಪ್ರಶ್ನೆ: ನಮ್ಮದು ಶಿರಸಿ ತಾಲ್ಲೂಕಿನ ಒಂದು ಹಳ್ಳಿ. ಮಗಳು ಎಂಟನೆಯ ತರಗತಿ, ಕನ್ನಡ ಮಾಧ್ಯಮ. ನಾಲ್ಕು ವರ್ಷಗಳಿಂದ ಹತ್ತಿರದ ಗುರುಗಳೊಬ್ಬರ ಬಳಿ ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದಾಳೆ. ಬರುವ ಜನವರಿಗೆ ಹದಿನಾಲ್ಕು ತುಂಬುತ್ತದೆ. ಸಂಗೀತ ಕಲಿಯುವ ಮಕ್ಕಳಿಗೆ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಇದೆಯೆಂದು ಕೇಳಿದ್ದೇವೆ. ಅವಳು ಸಂಗೀತದ ಜೂನಿಯರ್ ಪರೀಕ್ಷೆಯನ್ನೂ ಕಟ್ಟಿಲ್ಲ; ಆದರೂ ಅರ್ಜಿ ಹಾಕಬಹುದೇ? ಆಯ್ಕೆಯಾದರೆ ಇದೇ ಗುರುಗಳ ಬಳಿ ಮುಂದುವರಿಯಬಹುದೋ, ದೊಡ್ಡ ಊರಿಗೆ ಕಳುಹಿಸಬೇಕೋ? ಬರುವ ಹಣದಲ್ಲಿ ಒಂದು ತಂಬೂರಿ ಕೊಳ್ಳುವ ಆಸೆ. ಹತ್ತನೆಯ ತರಗತಿಯಲ್ಲಿರುವ ಮಗ ತಬಲಾ ಕಲಿಯುತ್ತಾನೆ. ಅವನಿಗೂ ಏನಾದರೂ ಇದೆಯೇ?

ಉತ್ತರ: ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ಮಗಳಿಗೆ ಅರ್ಜಿ ಹಾಕಿ, ಈ ವರ್ಷವೇ ಹಾಕಿ. ಜೂನಿಯರ್ ಪರೀಕ್ಷೆಯ ಪ್ರಮಾಣಪತ್ರ ಇಲ್ಲದಿದ್ದರೂ ನಡೆಯುತ್ತದೆ. ಗುರುಗಳನ್ನು ಬಿಡಬೇಕಾಗಿಲ್ಲ, ಬಿಡಲೂ ಬೇಡಿ. ತಂಬೂರಿಯ ಆಸೆಯನ್ನು ಮಾತ್ರ ಈ ಹಣಕ್ಕೆ ಗಂಟು ಹಾಕಬೇಡಿ. ಮಗನಿಗೆ ಈ ಯೋಜನೆಯ ವಯಸ್ಸು ದಾಟಿದೆ; ಅವನಿಗೆ ಇರುವ ದಾರಿ ಬೇರೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ನೀವು ಕೇಳಿರುವುದು ಸಿಸಿಆರ್‌ಟಿಯ ಸಾಂಸ್ಕೃತಿಕ ಪ್ರತಿಭಾ ಶೋಧ ವಿದ್ಯಾರ್ಥಿವೇತನದ ವಿಷಯ. ಸಿಸಿಆರ್‌ಟಿ ಎಂದರೆ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ. ಕೇಂದ್ರ ಸಂಸ್ಕೃತಿ ಸಚಿವಾಲಯದ ಕೆಳಗಿನ ಸ್ವಾಯತ್ತ ಸಂಸ್ಥೆ. 1979ರಲ್ಲಿ ಆರಂಭವಾಯಿತು, ಮುಖ್ಯ ಕಚೇರಿ ದೆಹಲಿಯ ದ್ವಾರಕಾದಲ್ಲಿದೆ, ನಮ್ಮ ಕಡೆಗೆ ಹತ್ತಿರದ ಪ್ರಾದೇಶಿಕ ಕೇಂದ್ರ ಹೈದರಾಬಾದಿನಲ್ಲಿದೆ. ಈ ವಿದ್ಯಾರ್ಥಿವೇತನ ಶುರುವಾದದ್ದು 1982ರಲ್ಲಿ. ಮಾನ್ಯತೆ ಪಡೆದ ಶಾಲೆಯಲ್ಲಿ ಓದುತ್ತಿರುವ, 10ರಿಂದ 14 ವರ್ಷದೊಳಗಿನ ಮಕ್ಕಳಿಗೆ ಇದು ಮೀಸಲು. ಸಾಂಪ್ರದಾಯಿಕ ಕಲಾ ಕುಟುಂಬಗಳ ಮಕ್ಕಳಿಗೆ ಶಾಲೆಯ ನಿಯಮದಲ್ಲಿ ಸ್ವಲ್ಪ ಸಡಿಲಿಕೆ ಇದೆ. ಸಂಗೀತ ಮಾತ್ರವಲ್ಲ, ನೃತ್ಯ, ಸಾಂಪ್ರದಾಯಿಕ ರಂಗಭೂಮಿ, ಚಿತ್ರಕಲೆ, ಶಿಲ್ಪ, ಕರಕುಶಲಗಳೂ ಇದರಲ್ಲಿ ಸೇರಿವೆ. ಕಲಿಯುವವರು ಕಡಿಮೆಯಾಗುತ್ತಿರುವ ಅಪರೂಪದ ಕಲೆಗಳಿಗೆ ವಿಶೇಷ ಒತ್ತು ಕೊಡುವುದಾಗಿ ಯೋಜನೆಯೇ ಹೇಳುತ್ತದೆ. ರುದ್ರವೀಣೆಯನ್ನೋ ಸಾರಂಗಿಯನ್ನೋ ಹಿಡಿದ ಹುಡುಗ ನಿಮ್ಮ ಬಳಗದಲ್ಲಿ ಇದ್ದರೆ ಅವನ ತಂದೆತಾಯಿಗೂ ಸುದ್ದಿ ಮುಟ್ಟಿಸಿ.

ಇಡೀ ದೇಶಕ್ಕೆ, ಎಲ್ಲ ಕಲೆಗಳಿಗೂ ಸೇರಿ ವರ್ಷಕ್ಕೆ 650 ವಿದ್ಯಾರ್ಥಿವೇತನಗಳು. ಅದರಲ್ಲಿ 125 ಸಾಂಪ್ರದಾಯಿಕ ಕಲೆಯನ್ನೇ ನಂಬಿದ ಕುಟುಂಬಗಳ ಮಕ್ಕಳಿಗೆ, 100 ಬುಡಕಟ್ಟು ಕಲೆಗಳಿಗೆ, 30 ಅಂಗವಿಕಲ ಮಕ್ಕಳಿಗೆ, 20 ಸಾಹಿತ್ಯ ರಚನೆಗೆ. ಉಳಿದ 375ರಲ್ಲಿ ನಿಮ್ಮ ಮಗಳು ಸ್ಪರ್ಧಿಸಬೇಕು. ಹಿಂದೂಸ್ತಾನಿ ಗಾಯನ ಹೆಚ್ಚು ಮಕ್ಕಳು ಹೊರಡುವ ದಾರಿ. ನೂಕುನುಗ್ಗಲು ಇದ್ದೇ ಇರುತ್ತದೆ. ಸಿಕ್ಕಿಯೇ ಸಿಗುತ್ತದೆ ಎಂದು ನೆಂಟರಿಷ್ಟರಿಗೆಲ್ಲ ಮೊದಲೇ ಹೇಳಿಕೊಂಡು ಬರಬೇಡಿ, ಅದರ ಭಾರ ಕೊನೆಗೆ ಮಗುವಿನ ತಲೆಯ ಮೇಲೆ ಬೀಳುತ್ತದೆ.

ಇನ್ನು ಹಣ. ವರ್ಷಕ್ಕೆ 3,600 ರೂಪಾಯಿ ವಿದ್ಯಾರ್ಥಿವೇತನ, ಜೊತೆಗೆ ಗುರುಗಳಿಗೆ ಕೊಟ್ಟ ಪಾಠದ ಶುಲ್ಕ ವರ್ಷಕ್ಕೆ 9,000 ರೂಪಾಯಿಯ ಮಿತಿಯೊಳಗೆ. ತಿಂಗಳ ಲೆಕ್ಕಕ್ಕೆ ಇಳಿಸಿದರೆ 300 ರೂಪಾಯಿ ಕೈಗೆ, 750 ರೂಪಾಯಿಯವರೆಗೆ ಗುರುದಕ್ಷಿಣೆಗೆ. ಇಂದಿನ ದಿನಕ್ಕೆ ಇದು ತೀರಾ ಸಣ್ಣ ಮೊತ್ತ. ಈ ದರವನ್ನು ಇಷ್ಟು ಕಾಲ ಹೀಗೆಯೇ ಇಟ್ಟಿರುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ದರ ಪರಿಷ್ಕರಣೆಯಾದರೆ ಆ ವರ್ಷದ ಪ್ರಕಟಣೆಯಲ್ಲಿ ಇರುತ್ತದೆ, ನೋಡಿಕೊಳ್ಳಿ.

ಹಾಗಾದರೆ ಇಷ್ಟೆಲ್ಲ ಓಡಾಟ ಯಾಕೆ ಎಂದು ಕೇಳಬಹುದು. ಇದರ ನಿಜವಾದ ಬೆಲೆ ಇರುವುದು ಅವಧಿಯಲ್ಲಿ. ಮೊದಲು ಎರಡು ವರ್ಷಕ್ಕೆ ಕೊಡುತ್ತಾರೆ. ಪ್ರಗತಿ ನೋಡಿ ಮತ್ತೆ ಎರಡೆರಡು ವರ್ಷಕ್ಕೆ ನವೀಕರಿಸುತ್ತ ಹೋಗುತ್ತಾರೆ. ಇಪ್ಪತ್ತು ವರ್ಷ ತುಂಬುವವರೆಗೆ ಅಥವಾ ಮೊದಲ ಪದವಿ ಮುಗಿಯುವವರೆಗೆ ಇದು ನಡೆಯಬಹುದು. ಎಂಟನೆಯ ತರಗತಿಯಲ್ಲಿ ಹಿಡಿದ ಎಳೆ ಬಿ.ಎ., ಬಿ.ಎಸ್ಸಿ.ವರೆಗೂ ಕೈಯಲ್ಲಿ ಉಳಿಯುತ್ತದೆ. ಪಿಯುಸಿಗೆ ಬಂದ ಹುಡುಗಿಯ ಸಂಗೀತಕ್ಕೆ ಮನೆಯವರು ಕತ್ತರಿ ಹಾಕಲು ಹೊರಟಾಗ, ಕೇಂದ್ರ ಸರ್ಕಾರದಿಂದ ಬರುವ ಒಂದು ಕಾಗದಕ್ಕೆ ಆ ಕೈಯನ್ನು ತಡೆಯುವ ಶಕ್ತಿ ಇರುತ್ತದೆ. ಹಣಕ್ಕೆ ಅಷ್ಟು ಶಕ್ತಿ ಇಲ್ಲ.

ಈಗ ವಯಸ್ಸಿನ ಮಾತು, ಏಕೆಂದರೆ ನಿಮ್ಮ ವಿಷಯದಲ್ಲಿ ಎಲ್ಲವೂ ಇದರ ಮೇಲೆಯೇ ನಿಂತಿದೆ. ನಮ್ಮ ರಾಜ್ಯದಲ್ಲಿ ಹೈಸ್ಕೂಲು ಶುರುವಾಗುವುದು ಎಂಟರಿಂದ. ಮಗುವಿನ ಹಾಡು ಮನೆಯವರ ಗಮನಕ್ಕೆ ಗಟ್ಟಿಯಾಗಿ ಬೀಳುವುದು ಆಗಲೇ, ಪ್ರತಿಭಾ ಕಾರಂಜಿಯಲ್ಲಿ ಬಹುಮಾನ ಬಂದ ಮೇಲೆ. ವಿದ್ಯಾರ್ಥಿವೇತನದ ವಿಚಾರ ಕಿವಿಗೆ ಬೀಳುವಷ್ಟರಲ್ಲಿ ಒಂಬತ್ತನೆಯ ತರಗತಿ ಅರ್ಧ ಕಳೆದಿರುತ್ತದೆ. ಬಾಗಿಲು ಮುಚ್ಚಿದ ಮೇಲೆ ಬಂದು ತಟ್ಟುವವರೇ ಹೆಚ್ಚು. ಪ್ರಕಟಣೆಯಲ್ಲಿ ಈ ದಿನಾಂಕದಿಂದ ಈ ದಿನಾಂಕದೊಳಗೆ ಹುಟ್ಟಿರಬೇಕು ಎಂದು ಎರಡು ಗಡಿಗಳನ್ನು ಸ್ಪಷ್ಟವಾಗಿ ಕೊಟ್ಟಿರುತ್ತಾರೆ. ಒಂದು ದಿನ ಹೆಚ್ಚಾದರೂ ಅರ್ಜಿ ಬದಿಗೆ ಹೋಗುತ್ತದೆ, ಶಿಫಾರಸು ಪತ್ರಗಳಿಂದ ಅದು ಮರಳಿ ಬರುವುದಿಲ್ಲ. ಜನವರಿಗೆ ಹದಿನಾಲ್ಕು ತುಂಬುವ ಹುಡುಗಿಗೆ ಇದು ಹೆಚ್ಚುಕಡಿಮೆ ಕೊನೆಯ ಅವಕಾಶ. ಪ್ರಕಟಣೆ ಪ್ರತಿ ವರ್ಷ ಒಂದೇ ತಿಂಗಳಲ್ಲಿ ಬರುತ್ತದೆ ಎಂದು ನಂಬಿ ಕೂರಬೇಡಿ. ಹದಿನೈದು ದಿನಕ್ಕೊಮ್ಮೆ ಸಿಸಿಆರ್‌ಟಿ ಜಾಲತಾಣ ನೋಡುವ ಕೆಲಸವನ್ನು ಮಗನಿಗೆ ವಹಿಸಿ.

ಊರ ಗುರುಗಳೋ ದೊಡ್ಡ ಊರಿನ ಸಂಸ್ಥೆಯೋ ಎಂಬ ನಿಮ್ಮ ಅಳುಕು ನನಗೆ ಅರ್ಥವಾಗುತ್ತದೆ. ಯೋಜನೆ ಎರಡನ್ನೂ ಒಪ್ಪುತ್ತದೆ. ಆಯ್ಕೆ ಸಮಿತಿಯ ಮುಂದೆ ಕುಳಿತಾಗ ಲೆಕ್ಕಕ್ಕೆ ಬರುವುದು ಮಗುವಿನ ಸ್ವರ, ಗುರುಗಳ ಮನೆಯ ವಿಳಾಸವಲ್ಲ. ಉತ್ತರ ಕರ್ನಾಟಕದ ಸಂಗೀತದ ಚರಿತ್ರೆ ನೋಡಿ: ದೊಡ್ಡ ಗಾಯಕ ಸವಾಯಿ ಗಂಧರ್ವರು ಇದ್ದದ್ದು ಕುಂದಗೋಳವೆಂಬ ಸಣ್ಣ ಊರಿನಲ್ಲಿ. ಹುಬ್ಬಳ್ಳಿಯಂಥ ಊರಿನಲ್ಲಿದ್ದ ಗಂಗೂಬಾಯಿ ಹಾನಗಲ್ ರೈಲು ಹತ್ತಿ ಕುಂದಗೋಳಕ್ಕೆ ಅವರ ಬಳಿ ಪಾಠಕ್ಕೆ ಹೋಗುತ್ತಿದ್ದರು. ಹನ್ನೊಂದನೆಯ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ದೂರದ ಊರುಗಳನ್ನೆಲ್ಲ ಸುತ್ತಿದ ಭೀಮಸೇನ ಜೋಶಿಯವರಿಗೆ ಕೊನೆಗೆ ಗುರು ದೊರೆತದ್ದೂ ಆ ಸಣ್ಣ ಊರಿನಲ್ಲೇ. ನಾಲ್ಕು ವರ್ಷ ತಾಳ್ಮೆಯಿಂದ ಕಲಿಸಿದವರನ್ನು ವಿದ್ಯಾರ್ಥಿವೇತನದ ಹೊತ್ತಿಗೆ ಬದಲಿಸುವುದು ಅನ್ಯಾಯ ಮಾತ್ರವಲ್ಲ, ಅವಿವೇಕವೂ ಹೌದು. ಹೊಸ ಗುರುಗಳು ಕೊರಳನ್ನು ತಮ್ಮ ದಾರಿಗೆ ತಿರುಗಿಸಲು ವರ್ಷವಾದರೂ ಬೇಕು. ಆ ವರ್ಷದ ನಡುವೆ ಪರೀಕ್ಷೆಗೆ ಕುಳಿತ ಮಗು ಎರಡೂ ದಾರಿಯಲ್ಲಿ ಇರುವುದಿಲ್ಲ.

ಆದರೆ ಗುರುಗಳ ಜೊತೆ ಒಂದು ಸಂಜೆ ಕುಳಿತು ಮಾತಾಡಲೇಬೇಕು, ಏಕೆಂದರೆ ಅರ್ಜಿಯಲ್ಲಿ ಅವರ ಪಾಲೂ ಇದೆ. ಮಗು ಎಂದಿನಿಂದ ಕಲಿಯುತ್ತಿದೆ, ಏನೇನು ಕಲಿತಿದೆ ಎಂದು ಅವರು ಬರೆದು ಸಹಿ ಹಾಕಬೇಕು. ಆಯ್ಕೆಯಾದ ಮೇಲೆ ಕಾಲಕಾಲಕ್ಕೆ ಪ್ರಗತಿಯ ವರದಿ ಕೊಡಬೇಕು. ಶುಲ್ಕದ ಹಣ ವಾಪಸು ಬರಬೇಕಾದರೆ ಶುಲ್ಕ ಪಡೆದದ್ದಕ್ಕೆ ರಶೀದಿ ಬೇಕು. ಇಲ್ಲಿಯೇ ನಮ್ಮ ಹಳ್ಳಿಗಳಲ್ಲಿ ಕೆಲಸ ಕೆಡುವುದು. ಎಷ್ಟೋ ಗುರುಗಳು ಇಂತಿಷ್ಟೇ ಎಂದು ಶುಲ್ಕ ಗೊತ್ತು ಮಾಡಿರುವುದಿಲ್ಲ. ಕೊಟ್ಟಷ್ಟು ತೆಗೆದುಕೊಳ್ಳುತ್ತಾರೆ, ಕೆಲವು ತಿಂಗಳು ತೆಗೆದುಕೊಳ್ಳುವುದೇ ಇಲ್ಲ, ಬಾಳೆಗೊನೆಯನ್ನೋ ತೆಂಗಿನಕಾಯಿಯನ್ನೋ ಇಟ್ಟು ನಮಸ್ಕಾರ ಮಾಡಿದರೆ ಸಾಕೆನ್ನುತ್ತಾರೆ. ಅಂಥವರ ಮುಂದೆ ರಶೀದಿ ಪುಸ್ತಕ ಇಟ್ಟರೆ "ನಾನೇನು ಅಂಗಡಿ ಇಟ್ಟಿದ್ದೇನೆಯೇ?" ಎಂದು ಕೇಳಿಯಾರು. ಬೇಸರ ಮಾಡಿಕೊಳ್ಳಬೇಡಿ, ಹಿಂಜರಿಯಲೂ ಬೇಡಿ. ಈ ಹಣ ಅವರಿಗೇ ಸಲ್ಲಬೇಕಾದದ್ದು, ಸರ್ಕಾರ ಗುರುದಕ್ಷಿಣೆಗೆಂದೇ ಇಟ್ಟದ್ದು ಎಂದು ತಿಳಿಸಿ ಹೇಳಿ. ಇಂದಿನಿಂದಲೇ ತಿಂಗಳ ಶುಲ್ಕವನ್ನು ಅವರ ಬ್ಯಾಂಕ್ ಖಾತೆಗೆ ಹಾಕುವ ರೂಢಿ ಮಾಡಿಕೊಂಡರೆ ಲೆಕ್ಕ ತಾನಾಗಿಯೇ ಉಳಿಯುತ್ತದೆ. ಕೊಡದ ಶುಲ್ಕಕ್ಕೆ ರಶೀದಿ ಬರೆಸುವ ಕೆಲಸಕ್ಕೆ ಮಾತ್ರ ಕೈ ಹಾಕಬೇಡಿ. ಮಗುವಿನ ಎದುರಿಗೇ ಗುರುಗಳಿಂದ ಸುಳ್ಳು ಬರೆಸಿದ ಹಾಗಾಗುತ್ತದೆ.

ಆಯ್ಕೆಯ ದಿನ ಹೇಗಿರುತ್ತದೆ ಎಂಬುದು ಮಕ್ಕಳಿಗೆ ಗೊತ್ತಿರುವುದಿಲ್ಲ. ಅವರು ಗಣೇಶೋತ್ಸವದ ವೇದಿಕೆಯನ್ನು ಕಂಡಿರುತ್ತಾರೆ, ಇದು ವೇದಿಕೆಯಲ್ಲ. ಒಂದು ಕೋಣೆ, ಎದುರಿಗೆ ಕೆಲವರು ತಜ್ಞರು, ಅವರ ಮುಂದೆ ಹೆಸರಿನ ಪಟ್ಟಿ, ಹೊರಗೆ ಸಾಲುಗಟ್ಟಿ ಕುಳಿತ ಮಕ್ಕಳು. ಒಂದು ಮಗುವಿಗೆ ಸಿಗುವುದು ಕೆಲವೇ ನಿಮಿಷ. ಇಪ್ಪತ್ತು ನಿಮಿಷದ ವಿಲಂಬಿತ (ನಿಧಾನ ಲಯದ) ಖ್ಯಾಲನ್ನು ಕಟ್ಟಿಕೊಂಡು ಹೋದವಳು ಅದರ ಮುಖಡಾ, ಅಂದರೆ ಮೊದಲ ತುಣುಕು, ಮುಗಿಸುವಷ್ಟರಲ್ಲಿ "ಸಾಕು, ಈಗ ಆರೋಹ ಅವರೋಹ ಹೇಳು" ಎನ್ನುತ್ತಾರೆ. ಅಲ್ಲಿಯೇ ಕಂಗಾಲಾಗುವ ಮಕ್ಕಳಿದ್ದಾರೆ. ತಜ್ಞರು ನಿಲ್ಲಿಸಿದರೆಂದರೆ ಹಾಡು ಚೆನ್ನಾಗಿಲ್ಲ ಎಂದಲ್ಲ. ಒಂದು ನಿಮಿಷದಲ್ಲಿ ಅವರಿಗೆ ಬೇಕಾದದ್ದು ಕೇಳಿಸಿರುತ್ತದೆ. ಇದನ್ನು ಮಗಳಿಗೆ ಮೊದಲೇ ಹೇಳಿ ಕಳುಹಿಸಿ.

ಯಾವ ರಾಗ ಹಾಡಲಿ ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಗುರುಗಳು ಮೊದಲು ಕಲಿಸಿದ, ನಿದ್ದೆಯಿಂದ ಎಬ್ಬಿಸಿದರೂ ತಪ್ಪದ ರಾಗ. ಭೂಪ, ದುರ್ಗಾ, ಯಮನ್ ಇವುಗಳಲ್ಲಿ ಯಾವುದಾದರೂ ಸರಿ. ಎಲ್ಲರೂ ಯಮನ್ ಹಾಡುತ್ತಾರೆ, ನಾವು ಬೇರೆ ಏನಾದರೂ ಹಾಡಿ ಮೆಚ್ಚಿಸೋಣ ಎಂದು ಮಾರವಾವನ್ನೋ ಶ್ರೀಯನ್ನೋ ಮೂರು ತಿಂಗಳಲ್ಲಿ ಕಲಿಸಿ ಕರೆತರುವ ತಂದೆತಾಯಿಯರಿದ್ದಾರೆ. ಹದಿಮೂರು ವರ್ಷದ ಮಗುವಿನ ಮಾರವಾದಲ್ಲಿ ಕೋಮಲ ರಿಷಭ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲದೆ ಷಡ್ಜದ ಕಡೆಗೆ ಜಾರುತ್ತಿದ್ದರೆ, ಮೆಚ್ಚುಗೆ ಹೋಗಲಿ, ನಾಲ್ಕು ವರ್ಷದ ಒಳ್ಳೆಯ ಕಲಿಕೆಯೂ ಮರೆಯಾಗುತ್ತದೆ. ಭೂಪದ ಐದೇ ಸ್ವರಗಳಲ್ಲಿ ಗಾಂಧಾರದ ಮೇಲೆ ಅಲುಗದೆ ನಿಂತು, ಧೈವತದಿಂದ ಮೇಲಿನ ಷಡ್ಜಕ್ಕೆ ನೇರವಾಗಿ ತಲುಪಿದರೆ ಕೇಳುವವರಿಗೆ ಪಾಠ ಎಂಥದ್ದು ಎಂದು ಗೊತ್ತಾಗುತ್ತದೆ. ಮಧ್ಯಲಯದ ಒಂದು ಬಂದಿಶ್ (ರಾಗದಲ್ಲಿ ಕಟ್ಟಿದ ರಚನೆ), ಅದರ ಎರಡು ಭಾಗಗಳಾದ ಸ್ಥಾಯಿ ಅಂತರಾ ಎರಡೂ ಸ್ವಚ್ಛವಾಗಿ, ಚಿಕ್ಕ ಆಲಾಪ, ತನ್ನದೇ ಕೊರಳಿಗೆ ಒಗ್ಗುವ ನಾಲ್ಕು ತಾನಗಳು ಇದ್ದರೆ ಅಡಿಪಾಯ ಗಟ್ಟಿಯಾಯಿತು. ಮೊಬೈಲಿನಲ್ಲಿ ಕೇಳಿ ಕಂಠಪಾಠ ಮಾಡಿದ ದೊಡ್ಡವರ ತಾನಗಳನ್ನು ಮನೆಯಲ್ಲಿಯೇ ಬಿಟ್ಟು ಹೋಗಲಿ. ಎರವಲು ತಂದದ್ದು ಅಲ್ಲಿ ಕೂಡಲೇ ಗೊತ್ತಾಗುತ್ತದೆ.

ಕೈಯಲ್ಲಿ ತಾಳ ಹಾಕಿಕೊಂಡು ಹಾಡುವುದನ್ನು ಹಿಂದೂಸ್ತಾನಿ ಕಲಿಯುವ ಮಕ್ಕಳು ಅಭ್ಯಾಸ ಮಾಡಿರುವುದು ಕಡಿಮೆ. ತಬಲಾದ ಠೇಕಾ (ತಾಳದ ನುಡಿತ) ಕಿವಿಗೆ ಬೀಳುತ್ತಿದ್ದರೆ ಸಮಕ್ಕೆ, ಅಂದರೆ ತಾಳದ ಮೊದಲ ಮಾತ್ರೆಗೆ, ಸರಿಯಾಗಿ ಬರುತ್ತಾರೆ. ಠೇಕಾ ನಿಲ್ಲಿಸಿದರೆ ಖಾಲಿ (ಚಪ್ಪಾಳೆ ಇಲ್ಲದ ಜಾಗ) ಎಲ್ಲಿ, ಸಮ ಎಲ್ಲಿ ಎಂದು ತಬ್ಬಿಬ್ಬಾಗುತ್ತಾರೆ. ತೀನತಾಲ, ಏಕತಾಲ, ಝಪತಾಲಗಳ ಬೋಲುಗಳನ್ನು ಕೈಯಲ್ಲಿ ಚಪ್ಪಾಳೆ ಖಾಲಿ ತೋರಿಸುತ್ತ ಬಾಯಲ್ಲಿ ಹೇಳುವುದು, ಅದನ್ನೇ ದುಗುನ್‌ನಲ್ಲಿ, ಅಂದರೆ ಎರಡು ಪಟ್ಟು ವೇಗದಲ್ಲಿ, ಹೇಳುವುದು, ಇವೆರಡು ದಿನಕ್ಕೆ ಹತ್ತು ನಿಮಿಷದ ಕೆಲಸ. ನಿಮ್ಮ ಮನೆಯಲ್ಲಿಯೇ ತಬಲಾ ಕಲಿಯುವ ಅಣ್ಣ ಇದ್ದಾನೆ, ಇದಕ್ಕಿಂತ ಅನುಕೂಲ ಬೇರೆ ಏನು ಬೇಕು? ಶ್ರುತಿಯ ವಿಷಯದಲ್ಲೂ ಒಂದು ಮಾತು. ಈ ವಯಸ್ಸಿನಲ್ಲಿ ಹುಡುಗರ ಕೊರಳು ಒಡೆಯುವುದನ್ನು ಎಲ್ಲರೂ ಬಲ್ಲರು. ಹುಡುಗಿಯರ ಕೊರಳೂ ಸದ್ದಿಲ್ಲದೆ ಬದಲಾಗುತ್ತಿರುತ್ತದೆ, ಕೆಲವು ತಿಂಗಳು ಗಾಳಿ ಸೇರಿದ ಹಾಗೆ ಕೇಳುತ್ತದೆ. ಕಳೆದ ವರ್ಷ ಕಪ್ಪು ಐದರಲ್ಲಿ (ಹಾರ್ಮೋನಿಯಂನ ಐದನೆಯ ಕಪ್ಪು ಮನೆಯ ಶ್ರುತಿಯಲ್ಲಿ) ಹಾಡುತ್ತಿದ್ದವಳು ಈ ವರ್ಷ ಕಪ್ಪು ನಾಲ್ಕಕ್ಕೆ ಇಳಿದರೆ ಸೋತಳೆಂದು ತಿಳಿಯಬೇಡಿ. ಯಾವ ಶ್ರುತಿಯಲ್ಲಿ ಮಂದ್ರ ಪಂಚಮವೂ ತಾರ ಗಾಂಧಾರವೂ ನೋವಿಲ್ಲದೆ ಬರುತ್ತವೆಯೋ ಅದೇ ಅವಳ ಶ್ರುತಿ, ಅದರಲ್ಲೇ ಹಾಡಲಿ.

ಕನ್ನಡ ಮಾಧ್ಯಮವೆಂಬ ಹೆದರಿಕೆ ಬೇಡ. ರಾಗ, ತಾಳ, ವಾದಿ, ಸಂವಾದಿಗಳ ಹೆಸರು ಎಲ್ಲೆಡೆ ಒಂದೇ. ತನ್ನ ಹೆಸರು, ಗುರುಗಳ ಹೆಸರು, ಕಲಿತ ರಾಗಗಳ ಹೆಸರನ್ನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ನಾಲ್ಕು ವಾಕ್ಯದಲ್ಲಿ ಹೇಳಲು ಬಂದರೆ ಸಾಕು.

ಆಯ್ಕೆಯ ನಂತರದ ಒಂದು ಅಪಾಯವನ್ನು ಈಗಲೇ ಹೇಳಬೇಕು. ವಿದ್ಯಾರ್ಥಿವೇತನ ಎರಡು ವರ್ಷಕ್ಕೊಮ್ಮೆ ನವೀಕರಣವಾಗುತ್ತದೆ ಎಂದೆನಲ್ಲ, ಎಂಟರಲ್ಲಿ ಅರ್ಜಿ ಹಾಕಿದವಳಿಗೆ ಆ ನವೀಕರಣ ಬರುವುದು ಹತ್ತನೆಯ ತರಗತಿಯ ಆಸುಪಾಸಿನಲ್ಲಿ. ನಮ್ಮಲ್ಲಿ ಸಂಗೀತದ ಪಾಠ ನಿಲ್ಲುವುದೂ ಆಗಲೇ. ಜೂನ್ ತಿಂಗಳಲ್ಲಿ "ಈ ಒಂದು ವರ್ಷ ಮಾತ್ರ, ಎಸ್ಸೆಸ್ಸೆಲ್ಸಿ ಮುಗಿಯಲಿ" ಎಂದು ಬಿಡಿಸುತ್ತಾರೆ. ಪಿಯುಸಿಗೆ ಬಂದರೆ ನೀಟ್, ಸಿಇಟಿ. ಮೂರು ವರ್ಷ ಬಿಟ್ಟ ಕೊರಳು ಮತ್ತೆ ಹಾರ್ಮೋನಿಯಂ ಮುಂದೆ ಕೂರುವುದು ಅಪರೂಪ. ಪಾಠ ನಿಂತರೆ ಪ್ರಗತಿಯ ವರದಿ ಇಲ್ಲ, ವರದಿ ಇಲ್ಲದಿದ್ದರೆ ನವೀಕರಣ ಇಲ್ಲ, ಹದಿನಾಲ್ಕು ದಾಟಿದ್ದರಿಂದ ಹೊಸ ಅರ್ಜಿಗೂ ಜಾಗವಿಲ್ಲ. ಹೀಗೆ ಸಿಕ್ಕದ್ದನ್ನು ಕೈಯಾರೆ ಕಳೆದುಕೊಂಡ ಮನೆಗಳನ್ನು ನಾನು ಬಲ್ಲೆ.

ಆದ್ದರಿಂದ ಅರ್ಜಿಗೆ ಸಹಿ ಹಾಕುವ ಮೊದಲೇ ಹತ್ತನೆಯ ತರಗತಿಯಲ್ಲಿ ಏನು ಮಾಡುವುದೆಂದು ಗಂಡ ಹೆಂಡತಿ ಇಬ್ಬರೂ ಕುಳಿತು ನಿರ್ಧರಿಸಿ. ವಾರಕ್ಕೆ ಎರಡು ಪಾಠ ಇದ್ದದ್ದು ಒಂದಾಗಲಿ, ಬೆಳಗಿನ ರಿಯಾಜು ಮುಕ್ಕಾಲು ಗಂಟೆಯಿಂದ ಇಪ್ಪತ್ತು ನಿಮಿಷಕ್ಕೆ ಇಳಿಯಲಿ, ಹೊಸ ರಾಗ ಬೇಡ. ಹಿಂದಿನದನ್ನೇ ಹಾಡಿಕೊಂಡಿರಲಿ. ಗುರುಗಳಿಗೂ ಇದನ್ನು ಮೊದಲೇ ಹೇಳಿಟ್ಟರೆ ಅವರು ಆ ವರ್ಷದ ಪಾಠವನ್ನು ಅದಕ್ಕೆ ತಕ್ಕಂತೆ ಹೊಂದಿಸುತ್ತಾರೆ. ಇಪ್ಪತ್ತು ನಿಮಿಷದ ಹಾಡಿನಿಂದ ಗಣಿತದ ಅಂಕ ಹೋಗುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅಂಕ ನುಂಗುವ ಬೇರೆ ಸಂಗತಿಗಳು ಮನೆಯಲ್ಲಿ ಬೇಕಾದಷ್ಟಿರುತ್ತವೆ.

ಕಾಗದಪತ್ರಗಳ ವಿಷಯದಲ್ಲಿ ದೊಡ್ಡ ಗುಟ್ಟೇನಿಲ್ಲ: ಜನನ ಪ್ರಮಾಣಪತ್ರ, ಶಾಲೆಯ ದೃಢೀಕರಣ, ಗುರುಗಳ ಪ್ರಮಾಣಪತ್ರ, ಫೋಟೊ, ಪ್ರಕಟಣೆಯಲ್ಲಿ ಕೇಳಿದ್ದರೆ ಇನ್ನಿತರ ದಾಖಲೆ. ತೊಡಕು ಬರುವುದು ಹೆಸರಿನಲ್ಲಿ. ಶಾಲೆಯ ದಾಖಲಾತಿಯಲ್ಲಿ ಇನಿಷಿಯಲ್ ಮಾತ್ರ, ಆಧಾರ್‌ನಲ್ಲಿ ತಂದೆಯ ಪೂರ್ಣ ಹೆಸರು, ಬ್ಯಾಂಕಿನಲ್ಲಿ ಮನೆತನದ ಹೆಸರು ಮುಂದೆ ಹೋಗಿ ಕುಳಿತಿರುತ್ತದೆ. ಮೂರನ್ನೂ ಪಕ್ಕಪಕ್ಕ ಇಟ್ಟು ಈ ವಾರವೇ ನೋಡಿ; ತಿದ್ದುಪಡಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಮಧ್ಯವರ್ತಿಗಳು ಹತ್ತಿರ ಸುಳಿದರೆ ಬಾಗಿಲು ಹಾಕಿಕೊಳ್ಳಿ. ಪ್ರವೇಶ ಶುಲ್ಕ ಪಡೆದು, ಬಂದವರಿಗೆಲ್ಲ ಅಂಗೈ ಅಗಲದ ಪದಕ ಕೊಟ್ಟು ಕಳುಹಿಸುವ "ಅಖಿಲ ಭಾರತ ಸ್ಪರ್ಧೆ"ಗಳ ಪ್ರಮಾಣಪತ್ರ ಎಷ್ಟಿದ್ದರೂ ಆಯ್ಕೆಯ ಕೋಣೆಯಲ್ಲಿ ಅದರಿಂದ ಒಂದು ಸ್ವರವೂ ಸರಿಯಾಗುವುದಿಲ್ಲ. ಜೂನಿಯರ್ ಪರೀಕ್ಷೆ ಆ ಜಾತಿಯದಲ್ಲ, ಅದಕ್ಕೆ ತನ್ನದೇ ಬೆಲೆ ಇದೆ. ಮುಂದಿನ ವರ್ಷ ಕಟ್ಟಿಸಿ, ಆದರೆ ಈ ಅರ್ಜಿಗಾಗಿ ಅವಸರದಿಂದ ಕಟ್ಟಿಸಬೇಡಿ.

ತಂಬೂರಿಯ ಆಸೆ ಒಳ್ಳೆಯದೇ. ಮಹಾರಾಷ್ಟ್ರದ ಮೀರಜದ ತಂಬೂರಿಗೆ ಹೆಸರು ಹಿಂದಿನಿಂದಲೂ ಇದೆ, 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಬಂತು. ನಿಮ್ಮ ಕಡೆಯಿಂದ ಒಂದು ದಿನದ ದಾರಿ. ಆದರೆ ಈ ವಿದ್ಯಾರ್ಥಿವೇತನದಲ್ಲಿ ವಾದ್ಯಕ್ಕೆಂದು ಪ್ರತ್ಯೇಕ ಹಣ ಇಲ್ಲ, ವರ್ಷದ 3,600 ರೂಪಾಯಿಯಲ್ಲಿ ಒಳ್ಳೆಯ ತಂಬೂರಿ ಬರುವುದೂ ಇಲ್ಲ. ಸದ್ಯಕ್ಕೆ ಇಲೆಕ್ಟ್ರಾನಿಕ್ ತಂಬೂರಿ ಸಾಕು. ಅದನ್ನು ಬೆಂಗಳೂರಿನ ಜಿ. ರಾಜ್ ನಾರಾಯಣ್ ರೂಪಿಸಿದ್ದು 1979ರಲ್ಲಿ, ಸಿಸಿಆರ್‌ಟಿ ಹುಟ್ಟಿದ ವರ್ಷವೇ. ಹಳ್ಳಿಹಳ್ಳಿಯ ಸಂಗೀತದ ಮಕ್ಕಳಿಗೆ ಈ ಎರಡರಲ್ಲಿ ಯಾವುದು ಹೆಚ್ಚು ಉಪಕಾರ ಮಾಡಿದೆಯೆಂದು ಕೇಳಿದರೆ ನಾನು ಆ ಇಲೆಕ್ಟ್ರಾನಿಕ್ ಪೆಟ್ಟಿಗೆಯ ಕಡೆಗೇ ಕೈ ತೋರಿಸುತ್ತೇನೆ. ನಿಜವಾದ ತಂಬೂರಿ ಗುರುಗಳ ಮನೆಯಲ್ಲಿದ್ದರೆ ಪಾಠಕ್ಕೆ ಹತ್ತು ನಿಮಿಷ ಮೊದಲೇ ಹೋಗಿ ಅದನ್ನು ಶ್ರುತಿ ಮಾಡುವ ಕೆಲಸ ಅವಳೇ ಮಾಡಲಿ. ಪಂಚಮದ ತಂತಿಯನ್ನು ಬಿಗಿದು ಸಡಿಲಿಸಿ ಸರಿ ಕೂರಿಸುವಾಗ ಕಿವಿ ಕಲಿಯುವುದನ್ನು ಯಾವ ಪೆಟ್ಟಿಗೆಯೂ ಕಲಿಸುವುದಿಲ್ಲ.

ಇನ್ನು ಮಗ. ಸಿಸಿಆರ್‌ಟಿಯ ಈ ಯೋಜನೆ ಅವನಿಗಿಲ್ಲ. ಆದರೆ ಸಂಸ್ಕೃತಿ ಸಚಿವಾಲಯದಲ್ಲಿ ಯುವ ಕಲಾವಿದರ ವಿದ್ಯಾರ್ಥಿವೇತನ ಎಂಬ ಇನ್ನೊಂದಿದೆ: 18ರಿಂದ 25 ವರ್ಷದವರಿಗೆ, ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ, ದೇಶಕ್ಕೆಲ್ಲ ಸೇರಿ 400. ಅದಕ್ಕೆ ಕನಿಷ್ಠ ಐದು ವರ್ಷ ಗುರುಗಳ ಬಳಿ ಕಲಿತಿರಬೇಕು. ಅವನು ಹತ್ತನೆಯ ತರಗತಿಯ ನೆಪದಲ್ಲಿ ತಬಲಾ ಕಟ್ಟಿಡದೆ ಮುಂದುವರಿದರೆ ಆ ಐದು ವರ್ಷದ ಲೆಕ್ಕ ತುಂಬುತ್ತದೆ. ಕರ್ನಾಟಕ ಸಂಗೀತ ನೃತ್ಯ ಅಕಾಡೆಮಿಯೂ ಕಲಿಯುವ ವಿದ್ಯಾರ್ಥಿಗಳಿಗೆ ಶಿಷ್ಯವೇತನ ಕೊಡುತ್ತ ಬಂದಿದೆ, ಬೆಂಗಳೂರಿನ ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿ ಅದರ ಕಚೇರಿ ಇದೆ, ಪ್ರಕಟಣೆ ಕನ್ನಡ ಪತ್ರಿಕೆಗಳಲ್ಲಿ ಬರುತ್ತದೆ. ಸಂಗೀತವನ್ನೇ ಪೂರ್ತಿಯಾಗಿ ಹಿಡಿಯುವ ಮನಸ್ಸು ಮುಂದೆ ಬಂದರೆ ಹುಬ್ಬಳ್ಳಿಯ ಉಣಕಲ್‌ನಲ್ಲಿ ಡಾ. ಗಂಗೂಬಾಯಿ ಹಾನಗಲ್ ಗುರುಕುಲ ಇದೆ, ಅಲ್ಲಿ ಗುರುಗಳ ಜೊತೆಯಲ್ಲಿಯೇ ಇದ್ದು ಕಲಿಯಬಹುದು. ಬಡ ಮಕ್ಕಳಿಗೆ, ಅಂಧ ಮಕ್ಕಳಿಗೆ ಅನ್ನವನ್ನೂ ಸಂಗೀತವನ್ನೂ ಒಟ್ಟಿಗೆ ಕೊಟ್ಟ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರನ್ನು ನಿಮಗೆ ಹೇಳಬೇಕಾಗಿಯೇ ಇಲ್ಲ.

ಕೊನೆಗೊಂದು ಸಣ್ಣ ವಿಷಯ. ಶಾಲೆಯ ದೃಢೀಕರಣಕ್ಕೆ ಮುಖ್ಯೋಪಾಧ್ಯಾಯರ ಸಹಿ ಮತ್ತು ಮೊಹರು ಬೇಕು. ಪ್ರಕಟಣೆ ದಸರಾ ರಜೆಯಲ್ಲಿ ಬಂದರೆ ಶಾಲೆಗೆ ಬೀಗ, ಮೊಹರು ಒಳಗೆ. ಈಗಲೇ ಹೋಗಿ ಅವರಿಗೆ ವಿಷಯ ತಿಳಿಸಿ, ರಜೆಯಲ್ಲಿ ಎಲ್ಲಿರುತ್ತಾರೆಂದು ಕೇಳಿಕೊಂಡು ಮೊಬೈಲ್ ನಂಬರ್ ಬರೆದುಕೊಳ್ಳಿ.